ಸೋಡಿಯಂ ಎಷ್ಟಿದೆಯಂತೆ?

ಬಸವನಗುಡಿ ಕಡೆ ಈಗ ವಯಸ್ಸಾದವರು ಯಾರಾದರೂ ಆಸ್ಪತ್ರೆಗೆ ಸೇರಿದರು ಅಂತ ಸುದ್ದಿ ಬಂದರೆ ಜನ ಮೊದಲು ಕೇಳುವುದು ಹಾರ್ಟೋ ಕಿಡ್ನಿಯೋ ಅಂತಲ್ಲ, "ಸೋಡಿಯಂ ಎಷ್ಟಿದೆಯಂತೆ?" ಅಂತ. ಕೃಷ್ಣರಾವ್ ಪಾರ್ಕಿನಲ್ಲಿ ಬೆಳಿಗ್ಗೆ ಎರಡು ಸುತ್ತು ಹಾಕಿ ಬೆಂಚಿನ ಮೇಲೆ ಕೂತುಕೊಳ್ಳಿ. ಹಿಂದೆ ಚಿನ್ನದ ರೇಟು ಹೇಳುತ್ತಿದ್ದ ಬಾಯಿಗಳೇ ಈಗ "118ಕ್ಕೆ ಇಳಿದಿತ್ತಂತೆ ರೀ" ಅನ್ನುತ್ತವೆ. ಪಕ್ಕದವರು ಬಿಡುತ್ತಾರೆಯೇ? "ಅಯ್ಯೋ, ನಮ್ಮ ಭಾವನಿಗೆ 112!" ಸಂಖ್ಯೆ ಇಳಿದಷ್ಟೂ ಹೇಳುವವರ ದನಿಯಲ್ಲಿ ಅದೇನೋ ಗತ್ತು. ಇರಬೇಕಾದದ್ದು 135ರಿಂದ 145 ಅನ್ನುವುದು ಪಾರ್ಕಿನ ಗೇಟಿನಲ್ಲಿ ಸೊಪ್ಪು ಮಾರುವಾಕೆಗೂ ಬಾಯಿಪಾಠವಾಗಿದೆ.

ಆಗುವುದು ಇಷ್ಟೇ ಅಲ್ವಾ? ಬಿ.ಪಿ. ಇದೆ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳುತ್ತಾರೆ. ಕಮ್ಮಿ ಅಂದರೆ ನಮ್ಮ ಹಿರಿಯರಿಗೆ ಬಿಡುವುದು ಅಂತಲೇ ಕೇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗಿರಲಿ ಅಂದರೆ ಇವರು ಚಿಟಿಕೆಯನ್ನೂ ಮುಟ್ಟುವುದಿಲ್ಲ. ಸಾರಿಗಿಲ್ಲ, ಮಜ್ಜಿಗೆಗಿಲ್ಲ, ಅದೊಂದು ವ್ರತವೇ ಆಗಿಬಿಡುತ್ತದೆ. ಅದರ ಮೇಲೆ ಬಿ.ಪಿ. ಮಾತ್ರೆಯ ಜೊತೆಗೇ ಮೂತ್ರ ಹೋಗಿಸುವ ಔಷಧಿಯೂ ಸೇರಿರುತ್ತದೆ, ಅದು ಇದ್ದಬದ್ದ ಸೋಡಿಯಂ ಅನ್ನೂ ಹೊರಗೆ ಕಳಿಸುತ್ತದೆ. ಜೊತೆಗೆ "ನೀರು ಜಾಸ್ತಿ ಕುಡೀಬೇಕಂತೆ" ಅಂತ ಯಾರೋ ಹೇಳಿದ್ದನ್ನು ನಂಬಿ ಚೊಂಬುಗಟ್ಟಲೆ ನೀರು. ಒಂದು ದಿನ ಸಂಜೆ ಮಗನನ್ನೇ "ಯಾರಪ್ಪಾ ನೀನು?" ಅಂತ ಕೇಳುತ್ತಾರೆ. ಮನೆಯವರು ಮರೆವಿನ ಕಾಯಿಲೆ ಅಂತ ಗಾಬರಿಬಿದ್ದು ಕರೆದುಕೊಂಡು ಹೋದರೆ ಅಲ್ಲಿ ತಲೆಯ ಸ್ಕ್ಯಾನಿಗಿಂತ ಮೊದಲು ರಕ್ತ ತೆಗೆಯುತ್ತಾರೆ.

ನಮ್ಮ ಎದುರುಮನೆ ಮೇಷ್ಟ್ರಿಗೆ ಹೀಗೇ ಆಯಿತು. ಆಸ್ಪತ್ರೆಯಿಂದ ವಾಪಸು ಬಂದವರ ಮುಖದಲ್ಲಿ ನಾನು ಅಂಥ ಕಳೆ ನೋಡಿಯೇ ಇರಲಿಲ್ಲ. ಯಾಕೆ ಗೊತ್ತಾ? ಡಾಕ್ಟರೇ ಬಾಯಿಬಿಟ್ಟು "ಊಟದ ಜೊತೆ ಉಪ್ಪಿನಕಾಯಿ ಹಾಕ್ಕೊಳ್ಳಿ" ಅಂದಿದ್ದರಂತೆ. ಹತ್ತು ವರ್ಷದಿಂದ ಭರಣಿಯನ್ನು ಬೀರುವಿನ ಮೇಲಿಟ್ಟಿದ್ದ ಅವರ ಹೆಂಡತಿಗೆ ಆವತ್ತು ಏಣಿ ತರಿಸಬೇಕಾಯಿತು. ಆಮೇಲೆ ಒಂದು ವಾರ ಮೇಷ್ಟ್ರು ಬೀದಿಯಲ್ಲಿ ಸಿಕ್ಕವರಿಗೆಲ್ಲಾ ತಮ್ಮ ರಿಪೋರ್ಟು ತೋರಿಸಿದ್ದೇ ತೋರಿಸಿದ್ದು.

ಉಪ್ಪು ಅಂದಾಗ ನೆನಪಾಯಿತು. ಚಾಮರಾಜಪೇಟೆಯಲ್ಲಿ ನಮ್ಮ ತಾತನ ಮನೆ ಇದ್ದ ಬೀದಿಯ ದಿನಸಿ ಅಂಗಡಿಯಲ್ಲಿ ಉಪ್ಪಿನ ಮೂಟೆ ಯಾವಾಗಲೂ ಹೊರಗೇ ಇರುತ್ತಿತ್ತು. ರಾತ್ರಿ ಅಂಗಡಿಯವರು ಹಲಗೆಗಳನ್ನು ಒಂದೊಂದಾಗಿ ಜೋಡಿಸಿ, ಕಬ್ಬಿಣದ ಪಟ್ಟಿ ಹಾಕಿ, ಬೀಗ ಜಗ್ಗಿ ಜಗ್ಗಿ ನೋಡಿ ಮನೆಗೆ ಹೋಗುವರು. ಅಷ್ಟೆಲ್ಲಾ ಭದ್ರತೆ ಒಳಗಿನ ಬೇಳೆ ಬೆಲ್ಲಕ್ಕೆ. ಉಪ್ಪಿನ ಮೂಟೆ ಪಾಪ ಬೀದಿಯಲ್ಲೇ, ಮೇಲೊಂದು ಗೋಣಿತಾಟು ಹೊದ್ದುಕೊಂಡು. ಯಾರೂ ಕದಿಯುತ್ತಿರಲಿಲ್ಲ. ಉಪ್ಪು ಕದ್ದರೆ ಮುಂದಿನ ಜನ್ಮದಲ್ಲಿ ಏನೋ ಆಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು, ಏನಾಗುತ್ತದೆ ಅನ್ನುವುದು ಮಾತ್ರ ಪ್ರತಿ ಸಲವೂ ಬೇರೆಬೇರೆಯಾಗಿರುತ್ತಿತ್ತು. ನನಗೇನೋ ಅದರ ಬೆಲೆಯೇ ಕಾರಣ ಅನ್ನಿಸುತ್ತದೆ. ಆ ರೇಟಿಗೆ ಜನ್ಮ ಕೆಡಿಸಿಕೊಳ್ಳುವವರು ಯಾರು?

ಆಗ ಬರುತ್ತಿದ್ದದ್ದು ಕಲ್ಲುಪ್ಪು. ನಮ್ಮದೇ ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಇವತ್ತಿಗೂ ಸಮುದ್ರದ ನೀರು ಕಟ್ಟಿ ಬಿಸಿಲಿಗೆ ಒಣಗಿಸಿ ತೆಗೆಯುತ್ತಾರಲ್ಲ, ಅಂಥದ್ದು. ಮಳೆಗಾಲದಲ್ಲಿ ಭರಣಿಯ ತಳದಲ್ಲಿ ನೀರೂರುತ್ತಿತ್ತು, ಅದನ್ನು ಬಸಿದು ಮತ್ತೆ ಬಿಸಿಲಿಗಿಡುವುದೇ ಒಂದು ಕೆಲಸ. ಆಮೇಲೆ ಪ್ಯಾಕೆಟ್ಟಿನ ಪುಡಿಯುಪ್ಪು ಬಂತು, ಅದರ ಹಿಂದೆಯೇ ಅಯೋಡಿನ್ ಬಂತು. ನಮ್ಮ ಕಾಂಪೌಂಡಿನಾಚೆಯ ಮನೆಯ ಅಜ್ಜಿ ಆಗ "ಸರ್ಕಾರದವರು ಉಪ್ಪಿಗೂ ಔಷಧಿ ಹಾಕ್ತಾರಂತೆ ಕಣಮ್ಮಾ" ಅಂತ ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಆದರೆ ಆ ಅಜ್ಜಿಯ ತವರು ಕೊಪ್ಪದ ಕಡೆ. ಆ ಕಡೆ, ಚಿಕ್ಕಮಗಳೂರು ಕೊಡಗಿನ ಬೆಟ್ಟದ ಸೀಮೆಯಲ್ಲಿ, ಗಳಗಂಡ ಎಷ್ಟು ಮಾಮೂಲಿಯಾಗಿತ್ತು ಅನ್ನುವುದು ನಿಮಗೆ ಗೊತ್ತೇ ಇದೆ. ಮಳೆ ಸುರಿದು ಸುರಿದು ಮಣ್ಣಿನ ಅಯೋಡಿನ್ ತೊಳೆದುಹೋದ ಮೇಲೆ ಅಲ್ಲಿ ಬೆಳೆದ ಅನ್ನದಲ್ಲಿ ಅದು ಎಲ್ಲಿಂದ ಬರಬೇಕು? ಅಜ್ಜಿಯ ಅಕ್ಕನ ಫೋಟೋ ಒಂದಿದೆ ಅವರ ಮನೆ ಹಜಾರದಲ್ಲಿ. ಕೊರಳು ತುಂಬ ಅಡ್ಡಿಕೆ. ಎಷ್ಟು ಲಕ್ಷಣವಾಗಿದ್ದಾರೆ ಅಂತ ನಾನು ಒಮ್ಮೆ ಅಂದರೆ ಅಜ್ಜಿ ನಕ್ಕುಬಿಟ್ಟರು: "ಲಕ್ಷಣ ಎಲ್ಲಿ ಬಂತು, ಅಡ್ಡಿಕೆ ಕೆಳಗೆ ಗಡ್ಡೆ ಇತ್ತು, ಮುಚ್ಚೋಕೆ ಅಂತಲೇ ಮಾಡಿಸಿದ್ದು!" ಒಡವೆಗೆ ಇಂಥದ್ದೊಂದು ಉಪಯೋಗ ಉಂಟು ಅಂತ ನನಗೆ ಅವತ್ತೇ ಗೊತ್ತಾದದ್ದು.

ಇನ್ನೊಂದು ತಮಾಷೆ ನೋಡಿ. ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷ ಬದುಕಿದವರ ಲೆಕ್ಕವನ್ನೆಲ್ಲಾ ಕೂಡಿಸಿದರೂ 4 ಗ್ರಾಂ ದಾಟುವುದಿಲ್ಲ. ಇಷ್ಟು ಚೂರಿಗೆ ಎಷ್ಟು ರಾಮಾಯಣ! ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಯವರು ಕೆಲವು ಊರಿಗೆ ಅಯೋಡಿನ್ ಉಪ್ಪು, ಕೆಲವಕ್ಕೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ಕಾದು ನೋಡಿದರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು. 1962ರಲ್ಲಿ ಸರ್ಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಅಂತ ಒಮ್ಮೆ ತಂದ ಕಾನೂನನ್ನು 2000ದಲ್ಲಿ ತೆಗೆದು, 2006ರಲ್ಲಿ ಮತ್ತೆ ತಂದರು. ಮನೆಗೆ ಬರುವ ಹೊತ್ತಿಗೆ ಹತ್ತು ಲಕ್ಷ ಪಾಲಿಗೆ 15 ಪಾಲಾದರೂ ಅಯೋಡಿನ್ ಇರಬೇಕು ಅನ್ನುವುದು ನಿಯಮ.

ಇಷ್ಟೆಲ್ಲಾ ಆದ ಮೇಲೆ ಈಗ ಮಲ್ಲೇಶ್ವರದ ಅಂಗಡಿಗಳಲ್ಲಿ ಗುಲಾಬಿ ಬಣ್ಣದ ಉಪ್ಪು ಬಂದು ಕೂತಿದೆ. ಸೈಂಧವ ಲವಣ ನಮಗೇನೂ ಹೊಸದಲ್ಲ, ಏಕಾದಶಿ ಫಲಾಹಾರಕ್ಕೆ ಒಂದು ತುಂಡು ಡಬ್ಬಿಯಲ್ಲಿ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ತಿನ್ನುತ್ತಿದ್ದದ್ದನ್ನು ಈಗ ಮೂರು ಹೊತ್ತೂ ತಿನ್ನುತ್ತಾರೆ, ಹತ್ತು ಪಟ್ಟು ದುಡ್ಡು ಕೊಟ್ಟು. ಅದರಲ್ಲಿ ಎಂಬತ್ತನಾಲ್ಕು ಖನಿಜ ಇದೆಯಂತೆ. ಇರಬಹುದಪ್ಪ, ಬೇಡ ಅನ್ನಲು ನಾನ್ಯಾರು. ಬೇಕಾದ ಒಂದು ಅಯೋಡಿನ್ ಹೆಸರಿಗಷ್ಟೇ ಇರುತ್ತದೆ, ಅದೇ ವಿಪರ್ಯಾಸ. ಕೊಪ್ಪದ ಅಜ್ಜಿಯ ಮೊಮ್ಮಗಳೇ ಅದನ್ನು ಬಳಸುವುದು, ಏನಂತೀರಿ?

ಮಲ್ಲೇಶ್ವರದ ಮಾತು ಬಂದರೆ ನಮ್ಮ ಸೋದರತ್ತೆಯ ವಿಷಯ ಹೇಳದೆ ಇರಲಾಗುವುದಿಲ್ಲ. ಅವರಿಗೆ ಥೈರಾಯ್ಡ್ ಇದೆ, ಮೂಳೆ ಸವೆತ ಇದೆ, ಹಿಮೋಗ್ಲೋಬಿನ್ ಕಮ್ಮಿ ಇದೆ, ಇದೆಲ್ಲಕ್ಕಿಂತ ಹೆಚ್ಚಾಗಿ ಕಾಫಿ ಇದೆ. ಥೈರಾಯ್ಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಬೇಕು, ಅರ್ಧ ಮುಕ್ಕಾಲು ಗಂಟೆ ಕಾಫಿಯನ್ನು ಕಣ್ಣೆತ್ತಿ ನೋಡಬಾರದು. ಕ್ಯಾಲ್ಸಿಯಂ ಆಗಲಿ ಕಬ್ಬಿಣದ ಮಾತ್ರೆಯಾಗಲಿ ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಸರಿ, ಅವೆರಡನ್ನೂ ಜೊತೆಗೆ ನುಂಗಿಬಿಡೋಣ ಅಂದರೆ ಅದೂ ಆಗದು. ಕ್ಯಾಲ್ಸಿಯಂ ಬಂದು ಕೂತ ಕಡೆ ಕಬ್ಬಿಣ ಒಳಗೆ ಹೋಗಲು ತಿಣುಕುತ್ತದೆ. ಒಟ್ಟುಕುಟುಂಬದಲ್ಲಿ ಮಾತು ಬಿಟ್ಟ ಓರಗಿತ್ತಿಯರ ಹಾಗೆ, ಒಬ್ಬರು ಅಡಿಗೆಮನೆಯಲ್ಲಿದ್ದರೆ ಇನ್ನೊಬ್ಬರು ಹಿತ್ತಲಲ್ಲಿ. ಸೋದರತ್ತೆ ಇದನ್ನೆಲ್ಲಾ ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ. ರಾಹುಕಾಲ, ಗುಳಿಕಕಾಲ, ಕ್ಯಾಲ್ಸಿಯಂ ಕಾಲ. ಒಂದೊಂದು ದಿನ ಕಬ್ಬಿಣಕ್ಕೆ ಹೊಂದಿಸಿದ ಹೊತ್ತಿಗೆ ಸರಿಯಾಗಿ ರಾಹುಕಾಲ ಬಂದು ಕೂತು, ಆ ದಿನದ ಮಾತ್ರೆ ತಪ್ಪಿಹೋಗುವುದೂ ಉಂಟು.

ಕಬ್ಬಿಣಕ್ಕೂ ಕಾಫಿಗೂ ಇರುವ ದ್ವೇಷವಂತೂ ನಮ್ಮ ಊರಿಗೇ ಶಾಪ ಅನ್ನಿ. 1983ರಲ್ಲಿ ಅಮೆರಿಕದಲ್ಲಿ ಅಳೆದು ನೋಡಿದರಂತೆ: ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಶೇ. 39ರಷ್ಟು ಕಮ್ಮಿಯಾಗುತ್ತದೆ, ಟೀ ಕುಡಿದರೆ ಶೇ. 64ರಷ್ಟು. ಅವರು ತಿಂದದ್ದು ಹ್ಯಾಂಬರ್ಗರು, ನಮ್ಮದು ಇಡ್ಲಿ ವಡೆ. ಸಸ್ಯದಲ್ಲಿರುವ ಕಬ್ಬಿಣ ಮೊದಲೇ ಸಂಕೋಚದ್ದು, ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಒಳಗೆ ಬರುವುದಿಲ್ಲ. ಶಂಕರಪುರದ ಬ್ರಾಹ್ಮಿಣ್ಸ್ ಕಾಫಿ ಬಾರ್ ಮುಂದೆ ನಿಂತು, ಇಡ್ಲಿಯ ಕೊನೆಯ ತುತ್ತು ಗಂಟಲಲ್ಲಿ ಇಳಿಯುವ ಮುಂಚೆಯೇ ಲೋಟಕ್ಕೆ ಕೈ ಹಾಕುವ ಜನ ನಾವು. ಒಂದು ಗಂಟೆ ತಡೆದು ಕುಡಿಯಿರಿ ಅನ್ನುತ್ತಾರೆ ಆಹಾರತಜ್ಞರು. ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಕಾಫಿಗೆ ಅಂತ ಒಂದು ಗಂಟೆ ಮೇಜು ಹಿಡಿದು ಕೂತರೆ ಹಿಂದೆ ಕಾಯುತ್ತಾ ನಿಂತವರು ಸುಮ್ಮನಿರುತ್ತಾರೆಯೇ?

ಅದಕ್ಕೆ ನೋಡಿ, ಕೋಸಂಬರಿ ಅಂದರೆ ನನಗೆ ಸ್ವಲ್ಪ ಹೆಚ್ಚು ಗೌರವ. ನೆನೆಸಿದ ಹೆಸರುಬೇಳೆಯಲ್ಲಿ ಕಬ್ಬಿಣ ಇದೆ, ಮೇಲೆ ಹಿಂಡುವ ನಿಂಬೆಹುಳಿ ಆ ಸಂಕೋಚದ ಕಬ್ಬಿಣವನ್ನು ಕೈಹಿಡಿದು ಒಳಗೆ ಕರೆತರುತ್ತದೆ. ರಾಮನವಮಿಗೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ ಕೇಳಿ ಬರುವಾಗ ದಾರಿಯುದ್ದಕ್ಕೂ ದೊನ್ನೆಗಳಲ್ಲಿ ಕೊಡುತ್ತಿದ್ದರಲ್ಲ, ನಾವು ಹುಡುಗರು ಈ ಚಪ್ಪರದಲ್ಲಿ ಒಮ್ಮೆ, ಆ ಚಪ್ಪರದಲ್ಲಿ ಒಮ್ಮೆ, ಅಂಗಿ ಬದಲಾಯಿಸಿಕೊಂಡು ಬಂದು ಮತ್ತೊಮ್ಮೆ ಇಸಿದುಕೊಳ್ಳುತ್ತಿದ್ದೆವು. ನಮ್ಮ ಪೂರ್ವಿಕರು ಇದನ್ನೆಲ್ಲಾ ತಿಳಿದೇ ಮಾಡಿದ್ದರು ಅಂತ ಈಗ ಭಾಷಣ ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೇಳೆ ಸಪ್ಪೆ, ಅದಕ್ಕೆ ಹುಳಿ ಹಿಂಡಿದರು, ರುಚಿಯಾಯಿತು, ಅಷ್ಟೇ. ತಿಳಿದೇ ಮಾಡಿದ್ದರೆ ಮನೆಯ ಹೆಂಗಸರನ್ನು ಎಲ್ಲರದೂ ಆದ ಮೇಲೆ, ತಳ ಕೆರೆದು ಉಣ್ಣುವುದಕ್ಕೆ ಬಿಡುತ್ತಿದ್ದರೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ರಕ್ತಹೀನತೆ. ಕೋಸಂಬರಿ ಪಾಪ ಎಷ್ಟು ಅಂತ ಸಂಭಾಳಿಸೀತು? ದಿನಕ್ಕೆ ಗಂಡಸಿಗೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಹೆಂಗಸಿಗೆ 29 ಬೇಕು ಅಂತ ಐಸಿಎಂಆರ್ 2020ರಲ್ಲಿ ಹೇಳಿದೆ. ಬಡಿಸುವವರಿಗೇ ಹೆಚ್ಚು ಬೇಕು, ಸಿಗುವುದು ಮಾತ್ರ ಕಮ್ಮಿ.

ಕಬ್ಬಿಣ ಮೊದಲು ಪಾತ್ರೆಯಿಂದಲೂ ಬರುತ್ತಿತ್ತು, ಅಲ್ವಾ? ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಿಂಡಿದ ಗೊಜ್ಜು ಕುದಿಸಿದರೆ ಗೊಜ್ಜು ಕರ್ರಗಾಗುತ್ತಿತ್ತು. "ಇದೇನಿದು ಬಣ್ಣ" ಅಂತ ಮೂಗು ಮುರಿದು ಎಲ್ಲರೂ ನಾನ್‌ಸ್ಟಿಕ್ಕಿಗೆ ಹೋದರು. ಈಗ ಅದೇ ಕಬ್ಬಿಣದ ಕಾವಲಿಯನ್ನು ಗಾಂಧಿಬಜಾರಿನಲ್ಲಿ ಚೌಕಾಶಿ ಮಾಡಿ ಹೊತ್ತು ತರುತ್ತಾರೆ. ತಂದ ಮೇಲೆ ಅದನ್ನು ಪಳಗಿಸುವ ತಾಳ್ಮೆ ಯಾರಿಗಿದೆ? ಮೊದಲ ಮೂರು ದೋಸೆ ಕಾವಲಿಗೇ ನೈವೇದ್ಯ. ನಾಲ್ಕನೆಯದಕ್ಕೆ ಕಾವಲಿ ಅಟ್ಟ ಸೇರುತ್ತದೆ.

ಪಾತ್ರೆಯ ಮಾತಲ್ಲೇ ಈಯದ ಪಾತ್ರೆ ಒಂದಿದೆಯಲ್ಲ, ಮಲ್ಲೇಶ್ವರದ ಅಯ್ಯಂಗಾರರ ಮನೆಗಳಲ್ಲಿ ಸಾರಿಗೆ ಅದೇ ಆಗಬೇಕು. ಈಯದಿಂದ ಮೈಗೇನೂ ಆಗಬೇಕಾದದ್ದಿಲ್ಲ, ಅದು ಬರೀ ರುಚಿಯ ಬಾಬತ್ತು. ಆದರೆ ಅದನ್ನು ಕೊಳ್ಳುವುದೇ ಒಂದು ನಾಟಕ. ಪೇಟೆಯ ಅಂಗಡಿಯವರು ತುಂಡನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಾರೆ, ಕಿರ್ರ್ ಅಂತ ಸಣ್ಣಗೆ ಅತ್ತರೆ ಅಸಲಿ. ಅಳದಿದ್ದರೆ ಸೀಸ ಬೆರೆತಿದೆ ಅಂತ ಅನುಮಾನ, ಸೀಸವಂತೂ ವಿಷವೇ. ಅಸಲಿ ತಂದರೂ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. 232 ಡಿಗ್ರಿಗೆ ಕರಗುವ ಲೋಹ ಅದು, ಒಳಗೆ ನೀರಿಲ್ಲದೆ ಗ್ಯಾಸಿನ ಮೇಲಿಟ್ಟು ಫೋನು ಎತ್ತಿಕೊಂಡಿರೋ, ಹೋಯಿತು. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹೊಸ ಸೊಸೆ ಬಂದ ವಾರದಲ್ಲೇ ಈಯದ ಚೊಂಬು ಒಲೆಯ ಮೇಲೆ ಬೆಳ್ಳಿ ಗುಂಡುಗಳಾಗಿ ಉರುಳಾಡಿತು. ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲವಂತೆ. ಮೂರು ತಿಂಗಳು ಬರೀ ಮಜ್ಜಿಗೆಹುಳಿ ಮಾಡಿದರಂತೆ, ಅಷ್ಟೇ.

ಇರಲಿ, ಮೂಳೆಗೆ ಬರೋಣ. ಅಕ್ಕಿಯಲ್ಲಿ ನೂರು ಗ್ರಾಮಿಗೆ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ಹಸುವಿನ ಹಾಲಿನಲ್ಲಿ ಸುಮಾರು 120, ರಾಗಿಯಲ್ಲಿ ಸುಮಾರು 350. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬಿದ್ದು ರಾಗಿ ಗೆದ್ದದ್ದು ನಮಗೆಲ್ಲಾ ಸ್ಕೂಲಿನಲ್ಲೇ ಗೊತ್ತು. ಆದರೂ ಬಸವನಗುಡಿಯ ಎಷ್ಟೋ ಮನೆಗಳಲ್ಲಿ ಆ ತೀರ್ಪನ್ನು ಒಪ್ಪಿಕೊಂಡಿರಲಿಲ್ಲ. ಹಲ್ಲು ಬಾರದ ಮಗುವಿಗೆ ರಾಗಿ ಸರಿ, ಮನೆಗೆಲಸದವಳಿಗೆ ಮುದ್ದೆ, ಯಜಮಾನರಿಗೆ ಸಣ್ಣಕ್ಕಿ ಅನ್ನ. ಆ ಯಜಮಾನರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನ ಮುದ್ದೆ ಒಳಮನೆಗೆ ಬಂತು. ಈಗ ಅವರೇ ನೆಂಟರಿಗೆ "ಮುದ್ದೆ ಅಗಿಯಬಾರದು, ನುಂಗಬೇಕು" ಅಂತ ಪಾಠ ಹೇಳುತ್ತಾರೆ, ತಲತಲಾಂತರದಿಂದ ತಿಂದು ಬಂದವರ ಧಾಟಿಯಲ್ಲಿ.

ಆ ಮುದ್ದೆಯ ಹಿಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಗದ್ದೆಯಲ್ಲೇ ಆಯುಷ್ಯ ಕಳೆದ ಲಕ್ಷ್ಮಣಯ್ಯನವರಿದ್ದಾರೆ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ತಂದವರು. ರಾಗಿಯ ಹೂವು ಎಷ್ಟು ಸಣ್ಣದು, ಅದರಲ್ಲಿ ಗಂಡು ಹೆಣ್ಣು ಬೇರೆ ಮಾಡಿ ಮದುವೆ ಮಾಡಿಸುವುದು ಅಂದರೆ ಕಣ್ಣು ಕಿತ್ತು ಬರುವ ಕೆಲಸ. ಜನ ಅವರನ್ನು ರಾಗಿ ಬ್ರಹ್ಮ ಅಂದರು. ರಾಗಿಯ ಮೂಲ ತವರು ಆಫ್ರಿಕಾವೇ ಅಲ್ವಾ, ಸಾವಿರಾರು ವರ್ಷದ ಮೇಲೆ ತವರಿನ ಬಳಗವನ್ನು ಮತ್ತೆ ಕರೆಸಿದ ಲೆಕ್ಕ. ನಮ್ಮ ಬಡಾವಣೆಯ ಪಾರ್ಕು ಬೀದಿಗಳಿಗೆ ಯಾರ್‍ಯಾರದೋ ಹೆಸರಿಡುತ್ತಾರಪ್ಪ. ದಿನಾ ಮುದ್ದೆ ಬಡಿಸುವ ಒಂದು ಹೋಟೆಲಿನಲ್ಲಿ ಇವರ ಫೋಟೋ ನೇತುಹಾಕಿದ್ದನ್ನು ನಾನಂತೂ ಕಂಡಿಲ್ಲ.

ರಾಗಿಯಲ್ಲೂ ಒಂದು ಕೊಕ್ಕೆ ಇದೆ. ಅದರಲ್ಲಿನ ಫೈಟೇಟು ಅನ್ನುವುದು ಕ್ಯಾಲ್ಸಿಯಂ, ಕಬ್ಬಿಣ, ಸತು ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡು ಕೂತಿರುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಹಿಡಿತ ಸಡಿಲವಾಗುತ್ತದೆ. ಮಗುವಿನ ಸರಿಗೆ ರಾಗಿಯನ್ನು ಬಿಳಿ ಪಂಚೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಿದ್ದರಲ್ಲ, ಆ ವಾರವೆಲ್ಲಾ ಮನೆ ತುಂಬ ಘಮಘಮ. ಆ ಸರಿ ಮಗು ಅರ್ಧ ತಿಂದು ಅರ್ಧ ಉಗುಳಿದ್ದನ್ನು ಬಟ್ಟಲು ಬಳಿದು ಮುಗಿಸುವ ಭಾಗ್ಯ ಮಾತ್ರ ಅಣ್ಣಂದಿರದು.

ಕ್ಯಾಲ್ಸಿಯಂ ಒಳಗೆ ಹೋದರೂ ಮೂಳೆಗೆ ಸೇರಲು ಡಿ ವಿಟಮಿನ್ನು ಬೇಕು, ಅದಕ್ಕೆ ಬಿಸಿಲು ಬೇಕು. ಇದನ್ನು ಯೋಚಿಸಿದಾಗಲೆಲ್ಲಾ ನನಗೆ ಹಪ್ಪಳ ಸಂಡಿಗೆ ನೆನಪಾಗುತ್ತದೆ. ಶಿವರಾತ್ರಿ ಕಳೆದ ಮೇಲೆ ವಠಾರದ ಹೆಂಗಸರೆಲ್ಲಾ ಟೆರೇಸಿನಲ್ಲಿ ಹಳೇ ಸೀರೆ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು, ಸಂಡಿಗೆ ಇಡುತ್ತಾ ಮಟಮಟ ಮಧ್ಯಾಹ್ನ ಕಳೆಯುತ್ತಿದ್ದರು. ಕಾಗೆ ಓಡಿಸುವ ಕೆಲಸ ನಮ್ಮದು, ಕೂಲಿ ಅರ್ಧ ಒಣಗಿದ ಸಂಡಿಗೆ. ಹಲ್ಲಿಗೆ ಅಂಟಿಕೊಳ್ಳುವ ಆ ಹದವೇ ಹದ, ಕರಿದ ಮೇಲೆ ಅದಕ್ಕೆ ಆ ರುಚಿ ಇಲ್ಲ. ಆ ಟೆರೇಸಿನ ಜಾಗದಲ್ಲೀಗ ಮೂರನೇ ಮಹಡಿ ಎದ್ದಿದೆ. ಸಂಡಿಗೆ ಗಾಂಧಿಬಜಾರಿನ ಅಂಗಡಿಯಲ್ಲಿ ಸಿಗುತ್ತದೆ, ಡಿ ವಿಟಮಿನ್ನು ಪಕ್ಕದ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವಾರಕ್ಕೊಂದು ಪುಡಿ, ಹಾಲಿಗೆ ಹಾಕಿಕೊಂಡು ಕುಡಿಯುವುದು.

ಬಾಣಂತಿಗೆ ಎಲೆಯಡಿಕೆ ಹಾಕಿಸುತ್ತಿದ್ದದ್ದೂ ಸುಣ್ಣದ ಕ್ಯಾಲ್ಸಿಯಂಗಾಗಿ ಅಂತ ಹೇಳುತ್ತಾರೆ. ಅಡಿಕೆ ಕ್ಯಾನ್ಸರಿಗೆ ದಾರಿ ಅಂತ ಈಗ ಖಚಿತವಾಗಿರುವಾಗ ಆ ಮಾತನ್ನು ನಾನು ಮುಂದುವರಿಸುವುದಿಲ್ಲ. ಅದಕ್ಕಿಂತ ಸಂಕ್ರಾಂತಿಯ ಎಳ್ಳೇ ವಾಸಿ, ರಾಗಿಯನ್ನೂ ಮೀರಿಸುವ ಕ್ಯಾಲ್ಸಿಯಂ ಅದರಲ್ಲಿದೆ. ನಾವು ಎಳ್ಳನ್ನು ಹೇಗೆ ಹಂಚುತ್ತೇವೆ ಅಂದರೆ ನಿಮ್ಮ ಮನೆಯ ಪ್ಯಾಕೆಟ್ಟು ನಮ್ಮ ಮನೆಗೆ, ನಮ್ಮದು ಅವರ ಮನೆಗೆ, ಅವರದು ಮತ್ತೆ ನಿಮ್ಮ ಮನೆಗೆ. ಕಡೆಗೆ ಯಾರು ತಿಂದರು ಅನ್ನುವುದೇ ತಿಳಿಯುವುದಿಲ್ಲ.

ಸತುವಿನ ಹೆಸರು ಕೊರೊನಾ ಬರುವ ತನಕ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆಗ ಝಿಂಕ್ ಮಾತ್ರೆಗೆ ಎಂಥ ನೂಕುನುಗ್ಗಲು! ಭೇದಿ ಹತ್ತಿದ ಮಕ್ಕಳಿಗೆ ಓಆರ್‌ಎಸ್ ಜೊತೆ ಹತ್ತು ಹದಿನಾಲ್ಕು ದಿನ ಝಿಂಕ್ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ 2004ರಲ್ಲೇ ಹೇಳಿದ್ದವು. ಅದಕ್ಕೆ ಇಲ್ಲದ ಗದ್ದಲ ಕೊರೊನಾಕ್ಕಾಯಿತು. ಕಾರ್ತಿಕ ಮಾಸದ ಕಡೇ ಸೋಮವಾರ ಬಸವಣ್ಣನ ಗುಡಿ ಮುಂದೆ ರಸ್ತೆಯುದ್ದಕ್ಕೂ ರಾಶಿ ಬೀಳುವ ಕಳ್ಳೆಕಾಯಿಯಲ್ಲಿ ನೂರು ಗ್ರಾಮಿಗೆ 3 ಮಿಲಿಗ್ರಾಂ ಸತು, 170ಕ್ಕೂ ಮೇಲೆ ಮೆಗ್ನೀಸಿಯಂ ಇರುತ್ತದೆ. ಕೆಂಪೇಗೌಡರ ಕಾಲದಲ್ಲಿ ಈ ಗುಡಿಯ ಬಸವ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಕಳ್ಳೆಕಾಯಿ ಬೆಳೆ ಮೇಯುತ್ತಿತ್ತು ಅಂತ ಕತೆ. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಬೆಳೆ ಕೆಂಪೇಗೌಡರ ಕಾಲಕ್ಕೆ ಸುಂಕೇನಹಳ್ಳಿ ಮುಟ್ಟಿತ್ತೋ ಇಲ್ಲವೋ ಅಂತ ಎದುರುಮನೆ ಮೇಷ್ಟ್ರಿಗೆ ಮಾತ್ರ ಪ್ರತಿವರ್ಷ ಅನುಮಾನ ಬರುತ್ತದೆ. ಅನುಮಾನ ಪಡುತ್ತಲೇ ಎರಡು ಸೇರು ಬೇಯಿಸಿದ್ದು ತಿಂದು ಮುಗಿಸುತ್ತಾರೆ. ಉಪ್ಪುನೀರಲ್ಲೇ ಬೇಯಿಸಿದ್ದು.

ನೀರು ಅಂದಿರಾ? ನೀರಿನದು ಬೇರೆಯದೇ ಪುರಾಣ. ನಮ್ಮ ಊರಿಗೆ ಬಂದದ್ದು 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು, 1974ರಲ್ಲಿ ನೂರು ಕಿಲೋಮೀಟರು ದೂರದಿಂದ ಅರ್ಧ ಕಿಲೋಮೀಟರು ಎತ್ತರಕ್ಕೆ ಪಂಪು ಮಾಡಿದ ಕಾವೇರಿ. ಅದಕ್ಕೂ ಮುಂಚಿನ ಸೇದೋ ಬಾವಿ ಕೆಲವು ಹಿತ್ತಲಲ್ಲಿ ಈಗಲೂ ಇದೆ, ಮೇಲೊಂದು ಕಬ್ಬಿಣದ ಜಾಲರಿ ಹೊದ್ದು. ಕಾವೇರಿ ಮೆತ್ತಗಿನ ನೀರು, ಬೇಳೆ ಬೇಗ ಬೇಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ, ಆದರೆ ತೊಗರಿಬೇಳೆ ಎಷ್ಟು ಸೀಟಿ ಕೂಗಿಸಿದರೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಕೋಲಾರ, ಪಾವಗಡದ ಕಡೆ ಆಳ ಕೊರೆದಷ್ಟೂ ಫ್ಲೋರೈಡು ಬೇರೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ದಾಟಿದ ಊರುಗಳ ಮಕ್ಕಳ ಹಲ್ಲು ನೋಡಿದವರಿಗೆ ಅದು ತಮಾಷೆಯ ಮಾತಲ್ಲ. ಅಲ್ಲಿ ಆರ್‌ಓ ಘಟಕ ಬಂದದ್ದು ಪುಣ್ಯ.

ಆದರೆ ಇಲ್ಲಿ, ಮನೆಗೆ ಕಾವೇರಿಯೇ ಬರುವ ನಮ್ಮ ಬೀದಿಯಲ್ಲಿ, ಮನೆಗೊಂದು ಆರ್‌ಓ ಯಾಕೆ ಅಂತೀನಿ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಸೋಸಿ ತೆಗೆದು ಪಕ್ಕದ ಕೊಳವೆಯಲ್ಲಿ ಹೊರಗೆ ಬಿಡುತ್ತದೆ. ಆಮೇಲೆ ಅದೇ ಯಂತ್ರದೊಳಗೆ ಖನಿಜ ಮತ್ತೆ ಬೆರೆಸುವ ಇನ್ನೊಂದು ಡಬ್ಬಿ, ಅದಕ್ಕೆ ವರ್ಷಕ್ಕೊಮ್ಮೆ ದುಡ್ಡು. ಕಾಂಪೌಂಡಿನಾಚೆಯ ಅಜ್ಜಿ ಆ ಹೊರಗೆ ಬಿಡುವ ನೀರನ್ನು ಪೋಲು ಮಾಡುವುದಿಲ್ಲ. ಬಕೆಟ್ಟು ಹಿಡಿದು ಹಿತ್ತಲ ಕರಿಬೇವಿನ ಗಿಡಕ್ಕೆ ಹಾಕುತ್ತಾರೆ. ಕರಿಬೇವಿನಲ್ಲಿ ಮೊದಲೇ ನೂರು ಗ್ರಾಮಿಗೆ 600 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ, ಅದರ ಮೇಲೆ ಈ ಉಪಚಾರ ಬೇರೆ. ಗಿಡ ನೋಡಿ, ಮಾಳಿಗೆ ಮುಟ್ಟಿದೆ! ದಿನಾ ಒಗ್ಗರಣೆಗೆ ಎರಡು ಎಸಳು ಕಿತ್ತು ಹಾಕುತ್ತಾರೆ. ಊಟಕ್ಕೆ ಕೂತ ಮೊಮ್ಮಗಳು ಆ ಎಲೆಗಳನ್ನೆಲ್ಲಾ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ಕೈ ತೊಳೆದುಕೊಂಡು, ಕ್ಯಾಲ್ಸಿಯಂ ಮಾತ್ರೆ ಎಲ್ಲಿಟ್ಟಿದ್ದೀರಿ ಅಂತ ಕೇಳುತ್ತಾಳೆ.